ಬರೀ ಆಯಿಲ್ ಚೇಂಜ್‌ಗೆ ಇಷ್ಟಾ?

ನಮ್ಮ ಭಾಯಿ ದಿನಾ ಶಿವಮೊಗ್ಗದಿಂದ ಭದ್ರಾವತಿಗೆ ಬೈಕಿನಲ್ಲೇ ಕೆಲಸಕ್ಕೆ ಹೋಗಿ ಬರುತ್ತಾರೆ. ಹೋದ ತಿಂಗಳು ಎಂಜಿನ್ ಆಯಿಲ್ ಬದಲಿಸಲು ನಾನೂ ಅವರ ಜೊತೆ ಗ್ಯಾರೇಜಿಗೆ ಹೋಗಿದ್ದೆ. ಆಯಿಲ್ ಬೆಲೆ ಬಿಟ್ಟು ಮುನ್ನೂರು ರೂಪಾಯಿ ಲೇಬರ್ ಆಗುತ್ತದೆ ಎಂದರು ಮೆಕ್ಯಾನಿಕ್ ಚಾಚಾ.

“ಬರೀ ಆಯಿಲ್ ಚೇಂಜ್‌ಗೆ ಇಷ್ಟಾ?” ಎಂದೆ ನಾನು.

“ಬಾಡಿ ಬಿಚ್ಚಬೇಕಲ್ಲ ಬೇಟಾ.”

“ನಾಲ್ಕು ಬೋಲ್ಟ್ ಬಿಚ್ಚೋಕೆ ಮುನ್ನೂರಾ ಚಾಚಾ? ಯೂಟ್ಯೂಬ್ ನೋಡಿ ನಾವೇ ಮಾಡ್ಕೋತೀವಿ ಬಿಡಿ.”

ಪಕ್ಕದಲ್ಲಿ ಆಯಿಲ್ ಟ್ರೇ ಒರೆಸುತ್ತಿದ್ದ ಅವರ ಮಗ ತಲೆಯೆತ್ತಿ ನನ್ನನ್ನು ನೋಡಿದ. ಅವನು ನಮ್ಮ ಕಾಲೇಜಿನವನೇ, ಕಲಾ ವಿಭಾಗದವನು. ಏನೂ ಹೇಳಲಿಲ್ಲ.

ಮಾತು ಆಡಿಯಾಗಿತ್ತು, ಮಾಡಲೇಬೇಕಾಯಿತು. ಭಾನುವಾರ ಮನೆ ಮುಂದೆ ಗೋಣಿಚೀಲ ಹಾಸಿ ಕೂತೆವು. ಸ್ಪ್ಲೆಂಡರ್‌ನಂಥ ಬೈಕಾದರೆ ಎಂಜಿನ್ ಕಣ್ಣೆದುರೇ ಇರುತ್ತದೆ. ಕೆಳಗೆ ಪಾತ್ರೆ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿದರಾಯಿತು. ಭಾಯಿಯದು ಫೇರಿಂಗ್ ಇರುವ ಬೈಕ್. ಎಂಜಿನ್‌ನ ಎರಡೂ ಪಕ್ಕ ಮತ್ತು ಕೆಳಗಡೆ ಪ್ಲಾಸ್ಟಿಕ್ ಪ್ಯಾನೆಲ್. ಅದನ್ನು ಕಳಚದೆ ಡ್ರೈನ್ ಬೋಲ್ಟ್ ಕೈಗೆ ಸಿಗುವುದಿಲ್ಲ.

ನಾನು ನಾಲ್ಕು ಬೋಲ್ಟ್ ಎಂದಿದ್ದೆನಲ್ಲ, ಎಣಿಸಿದರೆ ಹತ್ತು. ಅವೂ ಒಂದೇ ಉದ್ದದವಲ್ಲ. ಉದ್ದದ ಬೋಲ್ಟನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗೆ ಏನಕ್ಕಾದರೂ ತಾಗಬಹುದು. ಅಮ್ಮಿ ಒಂದು ರಟ್ಟು ತಂದುಕೊಟ್ಟು, “ಇದರ ಮೇಲೆ ಪ್ಯಾನೆಲ್ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡು” ಎಂದರು. ಹೊಲಿಗೆ ಮಷಿನ್ ಬಿಚ್ಚುವಾಗ ಅವರು ಹಾಗೇ ಮಾಡುತ್ತಾರಂತೆ. ಬೋಲ್ಟ್ ಅಲ್ಲದೆ ಪ್ಲಾಸ್ಟಿಕ್ ಕ್ಲಿಪ್‌ಗಳೂ ಇದ್ದವು. ಅವನ್ನು ಎಳೆಯಬಾರದು, ನಡುವಿನ ಗುಂಡಿಯನ್ನು ಒಳಗೆ ಒತ್ತಿದರೆ ಸಡಿಲವಾಗುತ್ತವೆ. ಮೂರನೆಯದು ಕಣ್ಣಿಗೇ ಕಾಣುವುದಿಲ್ಲ. ಪ್ಯಾನೆಲ್ ಹಿಂದೆ ಸಣ್ಣ ಲಾಕ್‌ಗಳಿರುತ್ತವೆ, ರಬ್ಬರ್ ತೂತಿನೊಳಗೆ ಕೂತಿರುತ್ತವೆ. ನೇರವಾಗಿ ಎಳೆದರೆ ಮಾತ್ರ ಬರುತ್ತವೆ. ಎಲ್ಲ ಬಿಚ್ಚಿದೆ ಎಂದುಕೊಂಡು ನಾನು ಓರೆಯಾಗಿ ಎಳೆದೆ. ‘ಟಕ್’ ಎಂದಿತು. ಒಂದು ಲಾಕ್ ಹೋಯಿತು.

ಆಮೇಲೆ ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ಆಫ್ ಮಾಡಿ, ಸೈಲೆನ್ಸರ್‌ಗೆ ಕೈ ತಾಗದಂತೆ ಆಯಿಲ್ ಇಳಿಸಿದೆವು. ಹೊಸ ವಾಷರ್ ಹಾಕಿ, ಬೋಲ್ಟನ್ನು ಮೊದಲು ಬೆರಳಲ್ಲೇ ತಿರುಗಿಸಿ ಆಮೇಲೆ ಪಾನಾ ಹಿಡಿದೆವು. ಎಂಜಿನ್‌ನ ತಳ ಅಲ್ಯೂಮಿನಿಯಂ, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಬೈಕ್ ಆಯಿಲನ್ನೇ, ಹೇಳಿದಷ್ಟೇ ಹಾಕಿದೆವು. ಇಂಥ ಬೈಕಿನಲ್ಲಿ ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಸ್ಟಾರ್ಟ್ ಮಾಡಿ, ಸೋರುತ್ತಿಲ್ಲ ಎಂದು ನೋಡಿಕೊಂಡ ಮೇಲೇ ಪ್ಯಾನೆಲ್ ಜೋಡಿಸಿದ್ದು.

ಒಟ್ಟು ಎರಡೂವರೆ ಗಂಟೆ. ಅದರಲ್ಲಿ ಆಯಿಲ್ ಕೆಲಸ ಅರ್ಧ ಗಂಟೆ ಮಾತ್ರ. ಉಳಿದದ್ದೆಲ್ಲ ಬಿಚ್ಚುವುದು, ಜೋಡಿಸುವುದು. ಅಲೆನ್ ಕೀ ಸೆಟ್ ಕೊಂಡದ್ದು, ಲಾಕ್ ಮುರಿದದ್ದು ಸೇರಿಸಿದರೆ ಉಳಿತಾಯವೇನೂ ಇಲ್ಲ.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಹಳೆಯ ಕಪ್ಪು ಆಯಿಲನ್ನು ಏನು ಮಾಡುವುದು? ಚರಂಡಿಗೆ ಸುರಿದರೆ ಅದು ಹೋಗಿ ಸೇರುವುದು ತುಂಗೆಗೆ. ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲ್ ಕೂಡ ಸೇರಿದೆ. “ಗ್ಯಾರೇಜಿಗೇ ಕೊಟ್ಟು ಬಾ, ಅವರಲ್ಲಿ ಡ್ರಮ್ ಇರುತ್ತೆ” ಎಂದರು ಅಬ್ಬಾ. ಕ್ಯಾನ್ ಹಿಡಿದು ಅದೇ ಗ್ಯಾರೇಜಿಗೆ ಹೋಗಬೇಕಾಯಿತು.

ಚಾಚಾ ಕ್ಯಾನ್ ತೆಗೆದುಕೊಂಡು ಡ್ರಮ್ಮಿಗೆ ಸುರಿದರು. ಬೈಕ್ ನೋಡಿ, “ಲಾಕ್ ಮುರಿದ್ಯಾ?” ಎಂದು ನಕ್ಕರು. ಅವರ ಮಗ ಪ್ಯಾನೆಲ್ ಕಳಚಿ, ಬಿಸಿ ಮಾಡಿದ ತಂತಿಯನ್ನು ಒಳಗಿನಿಂದ ಕೂರಿಸಿ ಲಾಕ್ ಸರಿ ಮಾಡಿದ. ಐವತ್ತು ರೂಪಾಯಿ ಎಂದ. ಕೊಟ್ಟೆ. “ಆವತ್ತು ನಾನು ಹಾಗೆ ಅನ್ನಬಾರದಿತ್ತು” ಎಂದೆ.

“ಇರ್ಲಿ ಬಿಡು. ಎಲ್ರೂ ಹಂಗೇ ಅಂತಾರೆ” ಎಂದ.

ಈ ಲೇಖನ ಬರೆಯಲು ಆ ಮಾತೇ ಕಾರಣ. ನಾವು ಕಾಮರ್ಸ್ ವಿದ್ಯಾರ್ಥಿಗಳು. ಸರಕಿನ ವೆಚ್ಚದ ಜೊತೆ ಕೂಲಿಯೂ ಸೇರಿದರೇ ಒಟ್ಟು ವೆಚ್ಚ ಎಂದು ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತೇವೆ. ಹೊರಗೆ ಬಂದರೆ ಕೂಲಿಯನ್ನೇ ಮರೆಯುತ್ತೇವೆ. ಆಯಿಲ್ ಡಬ್ಬದ ಮೇಲೆ ಎಂಆರ್‌ಪಿ ಇದೆ, ಅದಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ಚಾಚಾನ ಕೈಗೆ ಎಂಆರ್‌ಪಿ ಇಲ್ಲ, ಚೌಕಾಸಿಯೆಲ್ಲ ಅಲ್ಲೇ. ಹೀಗೆ ಕೂಲಿಯನ್ನು ಎಳೆದೆಳೆದು ಕಡಿಮೆ ಮಾಡಿದರೆ ನಷ್ಟ ನಮಗೂ ಇದೆ. ಅವಸರದ ಕೆಲಸದಲ್ಲಿ ಹಳೆಯ ವಾಷರ್ ಹಾಗೇ ಉಳಿಯಬಹುದು, ಒಂದು ಕ್ಲಿಪ್ ಬಿಟ್ಟುಹೋಗಬಹುದು. ಪ್ಯಾನೆಲ್ ಮುಚ್ಚಿದ ಮೇಲೆ ಅದು ನಮಗೆ ಕಾಣುವುದೂ ಇಲ್ಲ.

ಹಾಗಾದರೆ ಮನೆಯಲ್ಲೇ ಮಾಡಿಕೊಳ್ಳುವುದು ಬೇಡವೇ? ಬೇಕು. ದೊಡ್ಡವರನ್ನು ಜೊತೆಗಿಟ್ಟುಕೊಂಡು, ಮ್ಯಾನ್ಯುಯಲ್ ಓದಿ ಒಮ್ಮೆಯಾದರೂ ಮಾಡಿ. ನಮ್ಮ ವಯಸ್ಸಿನವರು ಇಂಥ ಬೈಕ್ ಓಡಿಸುವಂತಿಲ್ಲ. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬಿಚ್ಚಿ ಕಲಿಯಲು ಯಾವ ಅಡ್ಡಿಯೂ ಇಲ್ಲ. ಆದರೆ ಮುನ್ನೂರು ರೂಪಾಯಿ ಉಳಿಸಲೆಂದು ಮಾಡಬೇಡಿ. ಆ ಮುನ್ನೂರು ಯಾವುದಕ್ಕೆ ಹೋಗುತ್ತದೆ ಎಂದು ತಿಳಿಯಲು ಮಾಡಿ.

ನಮ್ಮ ಪ್ರಾಂಶುಪಾಲರಲ್ಲೂ ಒಂದು ವಿನಂತಿ. ಒಂದು ಶನಿವಾರ ಮಧ್ಯಾಹ್ನ ಮೆಕ್ಯಾನಿಕ್ ಒಬ್ಬರನ್ನು ಕಾಲೇಜಿಗೆ ಕರೆಸಿ, ಉಪನ್ಯಾಸಕ್ಕೆ ಬರುವ ಅತಿಥಿಗಳಿಗೆ ಕೊಡುವಂತೆಯೇ ಗೌರವಧನ ಕೊಟ್ಟು, ನಮಗೆ ಈ ಕೆಲಸ ತೋರಿಸಲಿ. ಸ್ಟಾಫ್‌ರೂಮ್ ಮುಂದೆ ನಿಲ್ಲುವ ಗಾಡಿಗಳಲ್ಲೇ ಯಾವುದಾದರೂ ಒಂದು ಸಾಕು.

ಭಾಯಿಯ ಮುಂದಿನ ಆಯಿಲ್ ಚೇಂಜ್ ಚಾಚಾನ ಹತ್ತಿರವೇ. ಟ್ರೇ ಹಿಡಿಯಲು ನಾನೂ ಹೋಗುತ್ತೇನೆ. ಲೇಬರ್ ಎಷ್ಟು ಎಂದು ಕೇಳುತ್ತೇನೆ, “ಇಷ್ಟಾ?” ಎನ್ನುವುದಿಲ್ಲ.