ಎಳೆಯಬೇಡಿ, ತಿರುಗಿಸಿ

ಊರಿಗೆ ಹೋದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಮನೆಯವರು ಕೊಡೋ ಮೊದಲ ಕೆಲಸ ಕಂಪ್ಯೂಟರ್ ರಿಪೇರಿ. ನಾವು ಕೋಡ್ ಬರೆಯೋರು, ಸ್ಕ್ರೂಡ್ರೈವರ್ ಹಿಡಿಯೋರಲ್ಲ ಅಂದ್ರೆ ಯಾರೂ ನಂಬಲ್ಲ.

ಕಳೆದ ಬೇಸಿಗೆ ಗೊಬ್ಬೂರಿಗೆ ಹೋದಾಗ ತಮ್ಮ ಕಾಯ್ತಾ ಕೂತಿದ್ದ. ಮದುವೆ ವಿಡಿಯೋ ಎಡಿಟ್ ಮಾಡ್ತಾನೆ. "ಅಣ್ಣಾ, ರೆಂಡರ್ ಹಚ್ಚಿದ್ರ ಬಂದ್ ಆಗ್ತದ" ಅಂದ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟೋದು ಹೊಸದಲ್ಲ, ಜೊತೆಗೆ ಧೂಳು. ಅವನದು 2019ರಲ್ಲಿ ತಗೊಂಡ ರೈಜೆನ್ 5 2600. ಆ ಪ್ರೊಸೆಸರ್‌ನ ಮಿತಿ 95 ಡಿಗ್ರಿ. ಬಿಸಿ ಮಿತಿ ಮೀರಿದರೆ ತನ್ನನ್ನು ಉಳಿಸಿಕೊಳ್ಳೋಕೆ ಸಿಸ್ಟಮ್ ತಾನೇ ಆಫ್ ಆಗುತ್ತೆ. ಕೂಲರ್ ತೆಗೆದು ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಸಾಕು ಅಂದುಕೊಂಡೆ.

ನಾಲ್ಕು ಸ್ಕ್ರೂ ಬಿಚ್ಚಿದೆ, ಕೂಲರ್ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆದೆ. ಟಕ್ ಅಂತ ಸದ್ದು. ತಿರುಗಿಸಿ ನೋಡಿದರೆ ಕೂಲರ್ ತಳಕ್ಕೆ ಪ್ರೊಸೆಸರೇ ಅಂಟಿಕೊಂಡು ಬಂದಿದೆ. ಸಾಕೆಟ್‌ನ ಲಿವರ್ ಇನ್ನೂ ಲಾಕ್ ಆಗೇ ಇತ್ತು! ಮೂಲೆಯಲ್ಲಿ ಐದಾರು ಪಿನ್ ವಾಲಿದ್ದವು. ತಮ್ಮನ ಮುಖ ನೋಡೋಕೆ ಆಗಲಿಲ್ಲ. ಆ ವಾರ ಎರಡು ಮದುವೆಯ ವಿಡಿಯೋ ಕೊಡಬೇಕಿತ್ತು.

ಅಡುಗೆ ಮನೆಯಿಂದ ಬಂದು ನೋಡಿದ ಅವ್ವ, "ಲೋಟದಾಗ ಲೋಟ ಸಿಕ್ಕೊಂಡ್ರ ಹಂಗ ಜಗ್ತಾರೇನು? ಬಿಸಿನೀರಾಗ ಇಟ್ಟು ತಿರುವಿ ತಗೀತಾರ" ಅಂದಳು. ಕಂಪ್ಯೂಟರ್ ಮುಟ್ಟದವಳು ಹೇಳಿದ್ದೇ ಸರಿಯಾದ ವಿಧಾನ.

ಎಎಂ4 ಸಾಕೆಟ್‌ನ ಪ್ರೊಸೆಸರ್‌ಗೆ ತಳದಲ್ಲೇ 1331 ಪಿನ್. ಸಾಕೆಟ್ ಅವನ್ನು ಪಕ್ಕದಿಂದ ಒತ್ತಿ ಹಿಡಿಯುತ್ತೆ, ಮೇಲೆ ಅದುಮೋ ತಗಡು ಇಲ್ಲ. ಒಣಗಿದ ಪೇಸ್ಟ್‌ನ ಹಿಡಿತ ಅದಕ್ಕಿಂತ ಬಿಗಿಯಾದರೆ ಪ್ರೊಸೆಸರ್ ಕಿತ್ತು ಬರುತ್ತೆ. ಇಂಟೆಲ್‌ನ ಎಲ್‌ಜಿಎ ಸಾಕೆಟ್‌ಗಳಲ್ಲಿ, 2022ರ ಎಎಂ5ನಲ್ಲೂ ಲೋಹದ ಚೌಕಟ್ಟು ಹಿಡಿದಿರುತ್ತೆ, ಆದ್ದರಿಂದ ಈ ಭಯ ಕಡಿಮೆ. ಅಲ್ಲಿ ಪಿನ್ ಇರೋದು ಬೋರ್ಡ್‌ನಲ್ಲಿ, ಅವನ್ನು ಬೆರಳಿಂದ ಮುಟ್ಟಬೇಡಿ.

ಹಾಗಾಗಿ ಮೊದಲು ಹತ್ತು-ಹದಿನೈದು ನಿಮಿಷ ಗೇಮ್ ಅಥವಾ ರೆಂಡರ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಫ್ ಮಾಡಿ, ಪ್ಲಗ್ ಕಿತ್ತು, ಫ್ಯಾನ್ ವೈರ್ ಬಿಡಿಸಿ. (ಇದನ್ನ ಮರೆಯೋರು ನನ್ನೊಬ್ಬನೇ ಅಲ್ಲ ಅಂದುಕೊಂಡಿದ್ದೀನಿ.) ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಆಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸ್ತಾ ಇರಿ. ಹಿಡಿತ ಬಿಟ್ಟಿದ್ದು ಕೈಗೇ ಗೊತ್ತಾಗುತ್ತೆ. ಆಗ ಎತ್ತಿ. ಬಿಡದಿದ್ದರೆ ಮತ್ತೆ ಬಿಸಿ ಮಾಡಿ, ಸ್ಕ್ರೂಡ್ರೈವರ್ ತುದಿಯಿಂದ ಮೀಟಬೇಡಿ.

ನನ್ನ ಹಾಗೆ ಕಿತ್ತೇ ಬಂದಿದ್ದರೆ ಹೇರ್ ಡ್ರೈಯರ್‌ನಿಂದ ಕೂಲರ್‌ಗೆ ಬಿಸಿ ಕೊಟ್ಟು, ಪ್ರೊಸೆಸರ್‌ನ ಅಂಚು ಹಿಡಿದು ತಿರುವಿ ಬಿಡಿಸಿ. ವಾಲಿದ ಪಿನ್‌ಗೆ ಲೆಡ್ ತೆಗೆದ 0.7 ಎಂಎಂ ಪೆನ್ಸಿಲ್‌ನ ಕೊಳವೆ ತೊಡಿಸಿ ಕೂದಲೆಳೆಯಷ್ಟೇ ಸರಿಸ್ತಾ ಹೋಗಿ. ಒಂದೇ ಸಲ ನೆಟ್ಟಗೆ ಮಾಡೋಕೆ ಹೋದರೆ ಮುರಿಯುತ್ತೆ. ಕೂರಿಸುವಾಗ ಲಿವರ್ ಎತ್ತಿ, ಚಿನ್ನದ ಬಣ್ಣದ ತ್ರಿಕೋನ ಹೊಂದಿಸಿ ಬಿಟ್ಟರೆ ತನ್ನ ಭಾರಕ್ಕೇ ಇಳಿಯಬೇಕು. ಇಳಿಯದಿದ್ದರೆ ಒತ್ತದೆ ಪಿನ್‌ಗಳನ್ನು ಮತ್ತೆ ನೋಡಿ.

ನನಗೆ ಎರಡು ಗಂಟೆ ಹಿಡೀತು. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿಯಷ್ಟು ಹೊಸದು ಹಚ್ಚಿದೆ. ಕಂಪ್ಯೂಟರ್ ಆನ್ ಆಯ್ತು, ರೆಂಡರ್ ಅರ್ಧಕ್ಕೆ ನಿಲ್ಲಲಿಲ್ಲ, ಎರಡೂ ವಿಡಿಯೋ ಹೋದವು. ಮೊನ್ನೆ ಊರಿಗೆ ಹೋದಾಗ ಫ್ಯಾನ್ ಸದ್ದು ಜೋರಾಗಿದೆ ಅಂತ ಕೇಸ್ ಹತ್ರ ಬಗ್ಗಿದೆ. ತಮ್ಮ, "ನೀ ಕುಂದ್ರು, ನಾನೇ ನೋಡ್ತೀನಿ" ಅಂದ.