ಕೊಳಗ, ಡಬ್ಬ ಮತ್ತು ಜಗುಲಿ

ದೀಪಾವಳಿ ಕಳೆಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ರಾತ್ರಿ ಬೇಗ ದೀಪ ಆರುವುದಿಲ್ಲ. ಹಗಲು ಇಳಿಸಿದ ಹಸಿ ಅಡಿಕೆಯನ್ನು ಬಾಡುವ ಮೊದಲೇ ಸುಲಿದು ಹಂಡೆಗೆ ಹಾಕಬೇಕು. ಮೆಟ್ಟುಗತ್ತಿಗಳ ಮುಂದೆ ಹೆಂಗಸರು ಸಾಲಾಗಿ ಕೂರುತ್ತಾರೆ. ಕಾಯಿಯನ್ನು ಕತ್ತಿಗೆ ಒತ್ತಿ, ಸಿಪ್ಪೆ ಸೀಳಿ, ಅಡಿಕೆಯನ್ನು ಬುಟ್ಟಿಗೆ ಹಾಕುವ ಕೈ ನಡುರಾತ್ರಿಯವರೆಗೂ ನಿಲ್ಲುವುದಿಲ್ಲ. ಬೆರಳಿಗೆ ಹತ್ತಿದ ಕರೆ ಸುಲಭಕ್ಕೆ ಹೋಗುವುದೂ ಇಲ್ಲ. ಕೂಲಿಯ ಲೆಕ್ಕ ಡಬ್ಬದಲ್ಲಿ. ಅಳೆಯುವವರು ಡಬ್ಬವನ್ನು ಒಮ್ಮೆ ಅಲುಗಿಸಿ ನೆಲಕ್ಕೆ ಕುಟ್ಟಿದರೆ ಇನ್ನೆರಡು ಬೊಗಸೆ ಹಿಡಿಯುತ್ತದೆ. ಆ ಎರಡು ಬೊಗಸೆ ಯಾರ ಪಾಲು?

ದೊಡ್ಡ ಕಂಪನಿಗಳು ಮ್ಯಾನೇಜರುಗಳಿಗೆ ತರಬೇತಿ ಕೊಟ್ಟು ಕಲಿಸುವ ಸಹಾನುಭೂತಿಯ ನಾಯಕತ್ವಕ್ಕೆ ಮಲೆನಾಡಿನಲ್ಲಿ ಇದೇ ಪರೀಕ್ಷೆ. ಈ ನೆಲಕ್ಕೆ ಆ ಪರೀಕ್ಷೆ ಹೊಸತೇನೂ ಅಲ್ಲ.

1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಜಗಳದ ಬುಡದಲ್ಲಿ ಇದ್ದದ್ದೂ ಒಂದು ಅಳತೆಯೇ. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರ ಮನೆಯಲ್ಲಿ ದೊಡ್ಡ ಕೊಳಗ ಬಳಸುತ್ತಿದ್ದರು. ಅದನ್ನು ಪ್ರಶ್ನಿಸಿದವರಿಗೆ ಉಳುವ ಗದ್ದೆಯೇ ಕೈತಪ್ಪುವ ಭಯ. ಆದರೆ ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಕೊಳಗದ ಮಾತೊಂದನ್ನೇ ಆಡಲಿಲ್ಲ. ದುಡಿಯುವ ದೀವರ ಸಮುದಾಯದ ಗಂಡಸು ಮೊಣಕಾಲಿನ ಕೆಳಗೆ ಪಂಚೆ ಇಳಿಬಿಡಬಾರದೆಂಬ ಕಟ್ಟಳೆಯ ಅವಮಾನವನ್ನೂ ಎತ್ತಿತು. ಹೊಟ್ಟೆಯ ಲೆಕ್ಕವನ್ನೂ ಮರ್ಯಾದೆಯ ಲೆಕ್ಕವನ್ನೂ ಒಂದೇ ಕಡತದಲ್ಲಿ ಬರೆದದ್ದು ಆ ಚಳವಳಿಯ ದೊಡ್ಡತನ. ಆ ವರ್ಷ ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಜೊತೆ ನಿಂತರು. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರ ಅವರನ್ನೇ ವಿಧಾನಸಭೆಗೆ ಕಳಿಸಿತು. ಮೂರು ತಾಲ್ಲೂಕುಗಳೂ ಒಂದೇ ನೋವಿಗೆ ಓಗೊಟ್ಟಿದ್ದವು. ಉಳುವವನಿಗೆ ಭೂಮಿ ಕೊಟ್ಟ ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಬಂತು.

ಗೇಣಿದಾರರ ಎಷ್ಟೋ ಮನೆಗಳು ಇವತ್ತು ತೋಟದ ಮನೆಗಳಾಗಿವೆ. ಅದು ಸಂತೋಷದ ಸಂಗತಿ. ಹಾಗೆಂದೇ ಆ ಅಂಗಳದ ಡಬ್ಬದ ಮೇಲೂ ಕಣ್ಣಿಡಬೇಕಾಗಿದೆ.

ಬೇರೆ ಥರದ ಕೆಲಸದ ಜಾಗ ಹೇಗಿರಬಹುದೆಂದು ನೋಡಲು ದೂರ ಹೋಗಬೇಕಿಲ್ಲ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಇದೆ. ರಂಗಕರ್ಮಿ ಪ್ರಸನ್ನರ ಒತ್ತಾಸೆಯಿಂದ 1990ರ ದಶಕದಲ್ಲಿ ಹುಟ್ಟಿದ ಮಹಿಳಾ ಸಹಕಾರ ಸಂಘ ಇದು. ಸುತ್ತಲ ಹಳ್ಳಿಗಳ ಹೆಂಗಸರು ಇಲ್ಲಿ ನೇಯುತ್ತಾರೆ, ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ. ಅಡಿಕೆ ಬೇಯಿಸಿದ ಚೊಗರೇ ಇಲ್ಲಿ ಬಟ್ಟೆಗೆ ಕೆಂಗಂದು ಬಣ್ಣವಾಗುತ್ತದೆ. ಬಹಳ ಮುಖ್ಯವಾದದ್ದೆಂದರೆ, ಕೆಲಸ ಮಾಡುವವರೇ ಸಂಘದ ಸದಸ್ಯರು. ಕೂಲಿ, ಬೆಲೆಗಳ ಮಾತಿನಲ್ಲಿ ಅವರಿಗೂ ದನಿಯಿದೆ. ಹಾದಿ ಸುಗಮವಾಗಿರಲಿಲ್ಲ. 2020ರ ಕೋವಿಡ್ ವರ್ಷದಲ್ಲಿ ಚರಕ ತನ್ನ ಹಣದ ಸಂಕಷ್ಟವನ್ನು ಮುಚ್ಚಿಡದೆ ಲೋಕದ ಮುಂದಿಟ್ಟಿತು. ನಷ್ಟದ ಸುದ್ದಿಯನ್ನು ಬಚ್ಚಿಡದಿರುವುದೂ ದುಡಿಯುವವರಿಗೆ ತೋರುವ ಗೌರವವೇ.

ಕಾನೂನು ತೋಟದ ಮನೆಯ ಅಂಗಳದವರೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. 50 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಶಿಶುವಿಹಾರ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿತ್ತು. ಸುಲಿಯಲು ಕೂತ ಎಂಟು ಹೆಂಗಸರ ಕೂಸುಗಳು ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲೇ ಮಲಗುತ್ತವೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರಿಗೂ ಜಿಲ್ಲೆಯ ಸ್ಥಳೀಯ ಸಮಿತಿಯ ಬಾಗಿಲು ತೆರೆದಿಟ್ಟಿದೆ. ಅಂಥ ಬಾಗಿಲೊಂದು ಇದೆಯೆಂದು ತೋಟದ ಕೆಲಸದವರಿಗೆ ಹೇಳುವವರು ಯಾರು?

ಮಂಗನ ಕಾಯಿಲೆಯ ಮಾತನ್ನಂತೂ ಬಿಡುವಂತಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಈ ಜ್ವರ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜೀವಗಳನ್ನು ಕೊಂಡೊಯ್ದಿತು. ಉಣುಗು ಕಚ್ಚುವುದು ಕಾಡಿಗೆ ಸೊಪ್ಪಿಗೆ, ದರಗಿಗೆ, ಸೌದೆಗೆ ಹೋಗುವ ಮೈಗೆ. ಆರೋಗ್ಯ ಇಲಾಖೆ ಹಂಚುವ ಎಣ್ಣೆಯನ್ನು ಕೆಲಸದವರ ಕೈಗೆ ಕೊಟ್ಟು, ಹಚ್ಚಿಕೊಂಡ ಮೇಲೆಯೇ ಕಾಡಿಗೆ ಕಳಿಸುವ ಯಜಮಾನ ಯಾವ ತರಬೇತಿಗೂ ಹೋಗಬೇಕಾಗಿಲ್ಲ.

‘ಆಳು ಸಿಗೋದಿಲ್ಲ’ ಎಂಬ ದೂರು ಇಂದು ಎಲ್ಲ ತೋಟಿಗರದೂ ಹೌದು. ದೂರು ನಿಜ, ಕಷ್ಟವೂ ನಿಜ. ಆದರೆ ಆ ಮಾತಿನಲ್ಲೇ ‘ಆಳು’ ಎಂಬ ಪದ ಇದೆ. ಹೆಸರು ಹಿಡಿದು ಕರೆಸಿಕೊಳ್ಳುವ, ತಿಂಗಳಿಗೊಮ್ಮೆ ಸಂಬಳ ಎಣಿಸುವ ಕೆಲಸ ಸಿಕ್ಕರೆ ಹಳ್ಳಿಯ ಹುಡುಗ ಹುಡುಗಿಯರು ಶಿವಮೊಗ್ಗಕ್ಕೋ ಬೆಂಗಳೂರಿಗೋ ಬಸ್ಸು ಹತ್ತದೆ ಇನ್ನೇನು ಮಾಡಿಯಾರು?

ತೋಟ ಇರುವ ಓದುಗರಲ್ಲಿ ಒಂದು ಕೋರಿಕೆ. ಈ ಸಲ ಕೊಯ್ಲಿಗೆ ಮುಂಚೆ ಸುಲಿಯುವವರನ್ನೇ ಕರೆದು ಡಬ್ಬದ ಒಳಗೆ ಗೆರೆ ಎಳೆಸಿ. ರಾತ್ರಿಯ ಊಟದ ಹೊತ್ತಿಗೆ ಅವರ ಎಲೆಯನ್ನೂ ನಿಮ್ಮದೇ ಜಗುಲಿಯಲ್ಲಿ, ನಿಮ್ಮ ಸಾಲಿನಲ್ಲಿ ಹಾಕಿಸಿ.