ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟೋದೇಕೆ?



ಕಂಪ್ಯೂಟರ್ ಕೆಲಸದ ಇಂಟರ್‌ವ್ಯೂಗೆ ಹೋಗುವ ನಾವು ಉತ್ತರ ಗೊತ್ತಿದ್ದೂ ಇಂಗ್ಲಿಷಿಗೆ ಹೆದರಿ ಬಾಯಿ ಮುಚ್ಚಿಕೊಂಡು ವಾಪಸ್ ಬರುತ್ತೇವೆ. ಮನೆಯಲ್ಲಿ ಇಂಗ್ಲಿಷ್ ಕೇಳಿ ಬೆಳೆದವರು ಸಲೀಸಾಗಿ ಮಾತಾಡ್ತಾರೆ. ಅದು ಅವರ ಮನೆಯ ಅನುಕೂಲ. ಅದನ್ನೇ ಬುದ್ಧಿ ಅಂತ ನಾವೇಕೆ ನಂಬಬೇಕು? 1920ರಲ್ಲಿ ಮರಾಠಿಯಲ್ಲಿ 'ಮೂಕನಾಯಕ' ತಂದ ಬಾಬಾಸಾಹೇಬರೇ ತಮ್ಮ ದೊಡ್ಡ ಗ್ರಂಥಗಳನ್ನು ಇಂಗ್ಲಿಷಿನಲ್ಲಿ ಬರೆದರು. ಎರಡನ್ನೂ ದುಡಿಸಿಕೊಂಡರು.

ನಾವೂ ದುಡಿಸಿಕೊಳ್ಳೋಣ. ಅಕಾರಾದಿಯಾಗಿ ಜೋಡಿಸಿದ 1000 ಹೆಸರಲ್ಲಿ ಒಂದನ್ನು ಹುಡುಕೋದು ಹೇಗೆ? ನಡುವಿನ ಹೆಸರು ನೋಡಬೇಕು, ಬೇಡದ ಅರ್ಧ ಬಿಡಬೇಕು, ಉಳಿದದ್ದರ ನಡುವೆ ಮತ್ತೆ ನೋಡಬೇಕು. 10 ಸಲದೊಳಗೆ ಸಿಕ್ಕೇ ಸಿಗುತ್ತದೆ. ಬೈನರಿ ಸರ್ಚ್ ಅಂದರೆ ಇಷ್ಟೇ. ಇದನ್ನು ಮೊದಲು ರೂಮಿನ ಗೆಳೆಯರಿಗೆ ಕನ್ನಡದಲ್ಲಿ ಹೇಳೋಣ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ, ಗಟ್ಟಿಯಾಗಿ, ನಾಲಗೆ ಪಳಗುವ ತನಕ. ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳೋದರಲ್ಲಿ ಅವಮಾನವಿಲ್ಲ. ವ್ಯಾಕರಣ ತಪ್ಪಿದರೆ ತಪ್ಪಲಿ. ಯೋಚಿಸುವ ದಾರಿಯನ್ನು ಬಾಯಿಬಿಟ್ಟು ಹೇಳದಿದ್ದರೆ ನಮಗೆ ಗೊತ್ತಿದೆ ಅಂತ ಅವರಿಗೆ ತಿಳಿಯೋದಾದರೂ ಹೇಗೆ?

ರಾತ್ರಿ ಊಟವಾದ ಮೇಲೆ ಹಾಸ್ಟೆಲಿನಲ್ಲಿ ದಿನಾ ಒಂದು ಗಂಟೆ ಒಬ್ಬರು ಕೇಳಲಿ, ಒಬ್ಬರು ಹೇಳಲಿ. ತಡವರಿಸಿದವರನ್ನು ನೋಡಿ ಯಾರೂ ನಗಬಾರದು. ನಾಳೆ ಮೇಜಿನ ಆ ಕಡೆ ಕೂತಾಗಲೂ ನಾವು ಇದನ್ನು ಮರೆಯಬಾರದು.